ಬಾಡಿಗೆಗೆ ಖೋಲಿ ಕೇಳುವ ಕಾಕು

ಕಾಕು ಹೋಗಿ ಎರಡು ತಿಂಗಳಾಯಿತು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಮಹಾರಾಷ್ಟ್ರದ ಸಂಭಾಜಿನಗರದ ಪಕ್ಕ, ವಾಳೂಜಿನಲ್ಲಿ ನಾನು ನಡೆಸುವ ಖಾನಾವಳಿಗೆ ರೊಟ್ಟಿ ಬಡಿಯಲು ಬರುತ್ತಿದ್ದರು, ಅಷ್ಟೆ. ಕಂಪನಿಗಳಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುವ ಹುಡುಗರು ನಮ್ಮಲ್ಲಿ ಊಟ ಮಾಡುತ್ತಾರೆ. ಬಾಗಲಕೋಟೆ, ವಿಜಯಪುರದ ಕಡೆಯವರೇ ಹೆಚ್ಚು. ಅವರೆಲ್ಲರಿಗೂ ಅವರು ಕಾಕು, ಎಂದರೆ ಚಿಕ್ಕಮ್ಮ. ಹೆಸರು ಬೇರೆ ಇತ್ತು. ಆಧಾರ್ ಕಾರ್ಡಿನಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ.

ನಮ್ಮಲ್ಲಿಗೆ ಬರುವ ಮೊದಲು ಮೂವತ್ತು ವರ್ಷ ಅವರು ಕಟ್ಟಡದ ಕೆಲಸ ಮಾಡಿದ್ದರು. ಗಂಡ ಗೋಡೆ ಕಟ್ಟುವ ಗೌಂಡಿ, ಇವರು ಇಟ್ಟಿಗೆ, ಉಸುಕು ಹೊರುವವರು. ನಾಸಿಕದಲ್ಲಿ ಒಂದು ಕಟ್ಟಡ ಎದ್ದು ನಿಂತರೆ ತಗಡಿನ ಶೆಡ್ಡು ಕಿತ್ತು ಸಂಭಾಜಿನಗರಕ್ಕೆ, ಇಲ್ಲಿ ಎದ್ದು ನಿಂತರೆ ಮತ್ತೆ ನಾಸಿಕಕ್ಕೆ. ಗಂಡ ತೀರಿದ ಮೇಲೂ ಹಾಗೇ ನಡೆಸಿದರು. ಬೆನ್ನು ಕೈಕೊಟ್ಟ ಮೇಲೆ ನನ್ನಲ್ಲಿಗೆ ಬಂದು, "ಇಟ್ಟಂಗಿ ಹೊತ್ತ ಕೈ ಯವ್ವಾ, ರೊಟ್ಟಿ ಹಗರ ಆಕ್ಕಾವು" ಎಂದರು.

ಹಗುರವೇನೂ ಆಗಲಿಲ್ಲ. ಮೊದಲ ವಾರ ಅವರ ರೊಟ್ಟಿ ಮುರಿಯಲಾರದೆ ಒಬ್ಬ ಹುಡುಗ, "ಕಾಕು, ಇದು ರೊಟ್ಟಿನೋ ಸ್ಲ್ಯಾಬೋ?" ಎಂದು ಕೂಗಿ ಕೇಳಿದ.

"ತಿನ್ನೋ ತಮ್ಮಾ, ಇಪ್ಪತ್ತೊಂದ ದಿನ ನೀರ ಹೊಡದೇನಿ, ಬೀಳಂಗಿಲ್ಲ!" ಒಳಗಿನಿಂದಲೇ ಉತ್ತರ ಬಂತು.

ಕಾಕುಗೆ ಒಂದು ರೂಢಿ ಇತ್ತು. ಯೋಚಿಸಲು ಕೂತರೆ ಸೆರಗಿನ ತುದಿಯನ್ನು ತೊಡೆಯ ಮೇಲೆ ಸುತ್ತುತ್ತ ಸುತ್ತುತ್ತ ಸಿಂಬಿ ಮಾಡುವರು. ತಲೆಯ ಮೇಲೆ ಏನೂ ಹೊರಬೇಕಿರಲಿಲ್ಲ, ಆದರೂ ಸಿಂಬಿ ತಯಾರು. ಅದು ಪೂರ್ತಿ ಗುಂಡಗಾದಾಗ ಅವರ ಮಾತು ಹೊರಡುತ್ತಿತ್ತು. ಅಷ್ಟರ ತನಕ ಏನು ಕೇಳಿದರೂ ಉತ್ತರವಿಲ್ಲ.

ಹತ್ತು ವರ್ಷ ಖಾನಾವಳಿ ನಡೆಸಿ ನಾನು ಒಂದಿಷ್ಟು ದುಡ್ಡು ಉಳಿಸಿದ್ದೆ. ನಮ್ಮ ಮನೆಯವರ ಕಂಪನಿಯಲ್ಲಿ ಇವತ್ತು ಕೆಲಸ ಇದ್ದರೆ ನಾಳೆ ಇಲ್ಲ ಎನ್ನುವ ಹಾಗಿತ್ತು. ಏನಾದರೂ ಕೊಂಡು ಬಾಡಿಗೆಗೆ ಕೊಡೋಣ, ತಿಂಗಳಿಗೆ ಇಷ್ಟು ಅಂತ ಬರಲಿ ಎಂಬ ಆಸೆ ನನ್ನದು. ಆಸೆಗಿಂತ ಹೆದರಿಕೆ ದೊಡ್ಡದಿತ್ತು. ತಪ್ಪು ಕಡೆ ಹಾಕಿದರೆ ಹತ್ತು ವರ್ಷ ಹೊಗೆಯಲ್ಲಿ ಕೂತದ್ದೆಲ್ಲ ಹೋಯಿತು; ಎರಡನೆಯ ಸಲ ಅಷ್ಟು ಕೂಡಿಸಲು ನನಗೆ ವಯಸ್ಸೂ ಉಳಿದಿರಲಿಲ್ಲ.

ಮೊದಲು ನೋಡಿದ್ದು ಊರೊಳಗಿನ ಒಂದು ಫ್ಲ್ಯಾಟು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಕಾಕುವನ್ನು ಜೊತೆಗೆ ಕರೆದೊಯ್ದಿದ್ದೆ. ಒಲೆಯ ಕಟ್ಟೆ ಅಗಲವಾಗಿತ್ತು, ಡಬ್ಬಿ ಇಡಲು ಮೂರು ಸಾಲು, ಪೂರ್ವಕ್ಕೆ ದೇವರ ಗೂಡು. ನಾನು ಕಟ್ಟೆಯ ಕಲ್ಲನ್ನು ಕೈಯಿಂದ ಸವರುತ್ತ ನಿಂತೆ.

"ಛಲೋ ಐತಿ. ಯಾವಾಗ ಬರ್ತಿ ಇಲ್ಲಿ ಇರಾಕ?" ಎಂದರು ಕಾಕು.

"ನಾ ಯಾಕ ಬರಲಿ ಕಾಕು? ಬಾಡಿಗಿ ಕೊಡಾಕ ನೋಡಾಕತ್ತೇವಲ್ರಿ."

"ಹಂಗಾದ್ರ ಒಲಿ ಕಟ್ಟಿ ಯಾಕ ಸವರಾಕತ್ತಿ? ವಾಳೂಜದ ಹುಡುಗ್ರು ತಾವ ಅಡಿಗಿ ಮಾಡ್ಕೊಳ್ಳಾವ್ರಾಗಿದ್ರ ನಿನ್ನ ಖಾನಾವಳಿಗಿ ಯಾಕ ಬರ್ತಿದ್ರು, ನಿನ್ನ ಮಾರಿ ನೋಡಾಕೇನು?"

ನನಗೆ ನಗು ಬಂತು, ನಾಚಿಕೆಯೂ ಆಯಿತು. ಬೇರೆಯವರು ಇರುವ ಮನೆಯನ್ನು ನಾನು ನನ್ನ ಕಣ್ಣಿನಿಂದ ನೋಡುತ್ತಿದ್ದೆ. ಅವತ್ತಿನಿಂದ, ಯಾವ ಮನೆಗೆ ಹೋದರೂ ಇಲ್ಲಿಗೆ ಯಾರು ಬರುತ್ತಾರೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ, ಎತ್ತ ಹೋಗುತ್ತಾರೆ ಎಂದು ಮೊದಲು ಕೇಳಿಕೊಳ್ಳುವುದನ್ನು ಕಲಿತೆ.

ನಾಸಿಕದಲ್ಲಿ ಹೋಟೆಲ್ ನಡೆಸುವ ಕುಂದಾಪುರದವರೊಬ್ಬರು ನಮ್ಮ ಮನೆಯವರಿಗೆ ಪರಿಚಯ. ತಮ್ಮ ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಫ್ಲ್ಯಾಟು ಅಗ್ಗಕ್ಕೆ ಬರುತ್ತಿದೆ ಎಂದು ಅವರು ಫೋನು ಮಾಡಿದರು. ನಾವಿಬ್ಬರೂ ಕಾಕುವೂ ಬಸ್ಸು ಹತ್ತಿದೆವು. ಆ ಕಟ್ಟಡದ ಮುಂದೆ ಇಳಿದದ್ದೇ ಕಾಕು ಕತ್ತೆತ್ತಿ ನೋಡಿ, "ಅಯ್ಯ, ಇದೇನ!" ಎಂದರು. ಏಜೆಂಟು ನಮ್ಮನ್ನು ಲಿಫ್ಟಿನ ಹತ್ತಿರ ಕರೆದ. ಕಾಕು ಒಲ್ಲೆನೆಂದು ಮೆಟ್ಟಿಲು ಹಿಡಿದರು. ನಾನೂ ಹಿಂದೆ ಹೋದೆ. ಎರಡನೆಯ ಮಹಡಿ ದಾಟಿದ ಮೇಲೆ ಒಂದು ಮೆಟ್ಟಿಲನ್ನು ಅಂಗೈಯಿಂದ ತಟ್ಟಿ, "ಇದನ್ನ ಹತ್ತಿ ನೋಡು" ಎಂದರು. ಹತ್ತಿದೆ. ಕಾಲು ಎಡವಿತು. ಉಳಿದವುಗಳಿಗಿಂತ ಅದು ಎರಡು ಬೆರಳು ಎತ್ತರ.

"ಅವತ್ತ ನಿಮ್ಮ ಕಾಕಾ ನನ್ನ ಜೋಡಿ ಜಗಳಾಡಿ ಕೆಲಸಕ್ಕ ಬಂದಿದ್ರು. ಆ ಸಿಟ್ಟೆಲ್ಲಾ ಇದರಾಗ ಹಾಕಿ ಕಟ್ಟ್ಯಾರ" ಎಂದು ಹೇಳಿ ಕಾಕು ಅದೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು.

ಮೇಲಿನಿಂದ ಏಜೆಂಟು ಬಗ್ಗಿ, "ಕ್ಯಾ ಮಾವಶಿ, ಥಕ್ ಗಯೀ?" ಎಂದ, ದಣಿದಿರಾ ಚಿಕ್ಕಮ್ಮ ಎಂದು.

"ನಹೀ ಬೇಟಾ, ಪುರಾನಾ ಝಗಡಾ ಯಾದ ಆಯಾ" ಎಂದರು ಕಾಕು. ಅದು ಯಾವ ಹಳೆಯ ಜಗಳದ ನೆನಪೋ ಅವನಿಗೆ ತಿಳಿಯಲಿಲ್ಲ.

ಫ್ಲ್ಯಾಟು ಚೆನ್ನಾಗಿತ್ತು. ನಮ್ಮ ಮನೆಯವರಿಗೆ ಅಲ್ಲೇ ಮುಂಗಡ ಕೊಡುವ ಉತ್ಸಾಹ. ಕುಂಭಮೇಳ ಬರುತ್ತದೆ, ರೇಟು ಎರಡರಷ್ಟಾಗುತ್ತದೆ ಎಂದು ಏಜೆಂಟು ಬೇರೆ ಊದುತ್ತಿದ್ದ. ಕಾಕು ನಮ್ಮನ್ನು ಎದುರಿನ ಚಹದಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಬಶಿಗೆ ಸುರಿದ ಚಹ ಕುಡಿದಾಯಿತು. ಇನ್ನೊಂದು ಚಹವೂ ಆಯಿತು. ಹೊತ್ತು ಮುಳುಗಿ ದೀಪ ಹಚ್ಚುವ ಸಮಯಕ್ಕೆ, "ಈಗ ಕಿಟಕಿ ಎಣಸ್ರಿ" ಎಂದರು. ನಲವತ್ತು ಮನೆಗಳ ಕಟ್ಟಡ. ಬೆಳಕು ಕಂಡದ್ದು ಹನ್ನೊಂದರಲ್ಲಿ.

"ಕಟ್ಟಡ ಗಟ್ಟಿ ಐತಿ, ಅದಕ್ಕ ನಾ ಜಾಮೀನು" ಎಂದರು ಕಾಕು. "ಆದ್ರ ಗ್ವಾಡಿ ಬಾಡಿಗಿ ಕೊಡಂಗಿಲ್ಲಪಾ ತಮ್ಮಾ, ಮಂದಿ ಕೊಡಬೇಕು. ಎಲ್ಲಾರೂ ಕೊಂಡು ಕೀಲಿ ಹಾಕಿ ಕುಂತಾರ, ಇರಾವ್ರು ಎಲ್ಲಿ ಅದಾರ?"

"ಕುಂಭಮೇಳಕ್ಕ ಮಂದಿ ಬರ್ತಾರಲ್ರಿ ಕಾಕು" ಎಂದರು ನಮ್ಮ ಮನೆಯವರು.

"ಬರ್ತಾರ, ಗೋದಾವರ್ಯಾಗ ಮುಳಗ್ತಾರ, ಒದ್ದಿ ಅರಬಿ ಹಿಂಡ್ಕೊಂಡು ಊರಿಗಿ ಹೊಕ್ಕಾರ. ನಿನ್ನ ಬಾಡಿಗಿ ಕೊಡಾಕ ನಿಲ್ಲತಾರೇನು?"

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಮುಖ ಊದಿಸಿಕೊಂಡು ಕಿಟಕಿಗೆ ಒರಗಿದರು. ಕಾಕು ಅವರಿಗೆ ಶೇಂಗಾ ಸುಲಿದು ಸುಲಿದು ಕೊಟ್ಟರು. ವೈಜಾಪುರ ದಾಟುವಷ್ಟರಲ್ಲಿ ಮಾತು ಶುರುವಾಯಿತು.

ಆಮೇಲೆ ನಾವು ವಾಳೂಜಿನ ಸುತ್ತಮುತ್ತಲೇ ಹುಡುಕಿದೆವು. ಊಟದ ಗಲಾಟೆ ಮುಗಿದ ಮೇಲೆ ಮಧ್ಯಾಹ್ನ ನಾನೂ ಕಾಕುವೂ ಹೊರಡುತ್ತಿದ್ದೆವು. ಮನೆಯ ಒಳಗೆ ಹೋಗುವ ಮೊದಲು ಅವರು ಹಗ್ಗದ ಮೇಲೆ ಒಣಗುವ ಅಂಗಿಗಳನ್ನು ನೋಡುವರು. ಎಲ್ಲ ಒಂದೇ ಬಣ್ಣದ ಯೂನಿಫಾರಂ ಇದ್ದರೆ ಮುಖ ಸಿಂಡರಿಸುವರು. "ಒಂದ ಕಂಪನಿಯವ್ರು. ಅದು ಮುಚ್ಚಿದ್ರ ಒಂದ ದಿನಕ್ಕ ಎಲ್ಲಾ ಖಾಲಿ. ಮೂರ ಬಣ್ಣ ಇರಬೇಕು." ಬಚ್ಚಲಲ್ಲಿ ಒಂದು ತಂಬಿಗೆ ನೀರು ಚೆಲ್ಲಿ ಅದು ಎತ್ತ ಹರಿಯುತ್ತದೆ ನೋಡುವರು. ಗೋಡೆಯ ಗಿಲಾವನ್ನು ರೂಪಾಯಿ ನಾಣ್ಯದಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, ಟೊಳ್ಳು ಸದ್ದು ಬಂದ ಕಡೆ ನನ್ನ ಕಡೆ ನೋಡುವರು. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಒಳಗೆ ಹೆಜ್ಜೆಯನ್ನೂ ಇಡುತ್ತಿರಲಿಲ್ಲ; ತೇವವನ್ನು ಮುಚ್ಚಿಟ್ಟಿದ್ದಾರೆ ಎಂದು ಬಾಗಿಲಿನಿಂದಲೇ ತಿರುಗುವರು. ನಾನು ಹನ್ನೆರಡು ತಿಂಗಳ ಬಾಡಿಗೆ ಲೆಕ್ಕ ಹಾಕಿದರೆ, "ಹತ್ತ ಹಾಕು. ಒಂದ ತಿಂಗಳು ಖಾಲಿ ಇರ್ತೈತಿ, ಒಂದ ತಿಂಗಳದ್ದು ರಿಪೇರಿ ತಿಂತೈತಿ" ಎನ್ನುವರು. ಕಾಗದಪತ್ರದ ಮಾತು ಬಂದಾಗ ಮಾತ್ರ ಹಿಂದೆ ಸರಿಯುವರು. "ನಂಗ ಓದಾಕ ಬರಂಗಿಲ್ಲ. ಅದಕ್ಕ ನೀ ವಕೀಲರ ಕಡೆ ಎರಡ ಸರ್ತಿ ಓದ್ಸು, ನನ್ನ ಪಾಲಿಂದೂ ಸೇರ್ಸಿ."

ಎಲ್ಲಕ್ಕಿಂತ ಹೆಚ್ಚಾಗಿ, ಕೊಳ್ಳಲು ಬಂದಿದ್ದೇವೆ ಎಂದು ಕಾಕು ಎಲ್ಲೂ ಹೇಳಗೊಡುತ್ತಿರಲಿಲ್ಲ. "ಬಾಡಿಗಿಗಿ ಖೋಲಿ ಬೇಕಾಗಿತ್ತರಿ" ಎಂದೇ ಶುರು. ಕೊಳ್ಳುವವರಿಗೆ ಹೊಗಳಿಕೆ ಸಿಗುತ್ತದೆ, ಬಾಡಿಗೆಗೆ ಬಂದವರಿಗೆ ನಿಜ ಸಿಗುತ್ತದೆ ಎಂಬುದು ಅವರ ತರ್ಕ. ನಾನು ಅವರ ಮಗಳು. ಗಂಡನ ಮನೆಗೆ ಹೋಗುವ ಮೊದಲು ಅವ್ವನನ್ನು ಒಂದು ಕಡೆ ನೆಲೆ ಮಾಡಿ ಹೋಗಲು ಬಂದಿದ್ದೇನೆ ಎಂಬ ಕತೆ. ನಲವತ್ತು ದಾಟಿದ ನನ್ನನ್ನು ನೋಡಿ ಯಾರೂ ನಗದಿದ್ದದ್ದು ಕಾಕುವಿನ ಮುಖದ ಬಲದಿಂದ.

ಹಾಗೆ ಸಿಕ್ಕಿದ್ದು ಆ ಮೂರು ಖೋಲಿಗಳ ಸಾಲು. ಗಂಗಾಪುರದ ಕಡೆಯ ವಯಸ್ಸಾದ ರೈತರೊಬ್ಬರು ತಮ್ಮ ಜಾಗದಲ್ಲಿ ಕಟ್ಟಿಸಿದ್ದರು. ನಾವು ಅವರನ್ನು ಬಾಬಾ ಎಂದೆವು. ಲಾಸಲಗಾಂವಿನಲ್ಲಿ ಅಳಿಯ ಈರುಳ್ಳಿ ವ್ಯಾಪಾರ ಮಾಡುತ್ತಾನೆ, ಅಲ್ಲಿಗೇ ಬಂದುಬಿಡು ಅಂತ ಮಗಳು ಕರೆಯುತ್ತಾಳೆ ಎಂದು ಖೋಲಿಗಳನ್ನು ಮಾರಲು ಹೊರಟಿದ್ದರು. ಅದು ನಮಗೆ ಮೊದಲೇ ಗೊತ್ತಿತ್ತು. ಆದರೆ ಕಾಕು ಎಂದಿನ ಹಾಗೆ, ಖಾಲಿಯಿದ್ದ ನಡುವಿನ ಖೋಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು.

ಬಾಬಾ ನಮ್ಮನ್ನು ಕೂರಿಸಿ ನೀರು ಕೊಟ್ಟರು. ಕಾಕುವನ್ನು ನೋಡಿ ಅವರಿಗೆ ಏನನ್ನಿಸಿತೋ, ಮನೆಯ ದೋಷಗಳನ್ನೆಲ್ಲ ತಾವಾಗಿಯೇ ಹೇಳಿದರು. ಬೇಸಿಗೆಯಲ್ಲಿ ಬೋರು ಕೆಳಗೆ ಹೋಗುತ್ತದೆ, ಟ್ಯಾಂಕರ್ ತರಿಸಬೇಕು. ಕೊನೆಯ ಖೋಲಿಯ ಸ್ಲ್ಯಾಬು ಒಂದು ಮೂಲೆಯಲ್ಲಿ ಸೋರುತ್ತದೆ. ಅಲ್ಲಿರುವವನು ಶನಿವಾರ ಕುಡಿಯುತ್ತಾನೆ, ಆದರೆ ಬಾಡಿಗೆ ತಪ್ಪಿಸುವುದಿಲ್ಲ. ಹೊರಗೆ ಬಂದ ಮೇಲೆ ಕಾಕು, "ಇದನ್ನ ತಗೋ" ಎಂದರು. ಅಷ್ಟೆಲ್ಲ ದೋಷ ಕೇಳಿದ ಮೇಲೂ ಯಾಕೆ ಎಂದೆ. "ಎಲ್ಲಾ ನೆಟ್ಟಗ ಮಾಡಾಕ ಬರೂವಂಥವು. ಹಗ್ಗದ ಮ್ಯಾಲ ಮೂರ ಬಣ್ಣ ಅದಾವು, ಕಂಪನಿ ಬಸ್ಸು ಬಾಗಲದಾಗ ನಿಲ್ತೈತಿ. ಮತ್ತ ಸುಳ್ಳ ಹೇಳದಂಥಾ ಮನಷ್ಯಾ ಕಟ್ಟಿಸ್ಯಾನ."

ವಕೀಲರು ಕಾಗದ ಎರಡು ಸಲ ಓದಿದರು. ಮಾತುಕತೆಗೆ ದಿನ ಗೊತ್ತಾಯಿತು. ಪಕ್ಕದ ಹಾರ್ಡ್‌ವೇರ್ ಅಂಗಡಿಯವರೂ ಆ ಜಾಗ ಕೇಳುತ್ತಿದ್ದರು; ನಾವು ಮುಂಗಡ ಕೊಡದಿದ್ದರೆ ಅವರಿಗೇ ಎಂದಾಗಿತ್ತು. ನಮ್ಮ ಕೈಗೆ ಎಟುಕುವ ಬೆಲೆಯ ಇನ್ನೊಂದು ಮನೆ ಆ ಸುತ್ತಿನಲ್ಲೆಲ್ಲೂ ಉಳಿದಿರಲಿಲ್ಲ. ನನ್ನನ್ನೂ ಕಾಕುವನ್ನೂ ಮನೆಯಲ್ಲೇ ಬಿಟ್ಟು ನಮ್ಮ ಮನೆಯವರೊಬ್ಬರೇ ಹೋಗಬೇಕಿತ್ತು. ಅದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ಕಾಕು ಇಲ್ಲದೆ ಮನೆ ಕೊಳ್ಳುವುದಾದರೂ ಹೇಗೆ?

ಬಾಬಾ ನಮ್ಮ ಮನೆಯವರಿಗೆ ನಮಸ್ಕಾರ ಮಾಡಿದರು, ನನ್ನನ್ನು ನೋಡಿದರು, ಹಿಂದೆ ನಿಂತ ಕಾಕುವನ್ನು ನೋಡಿದರು. ಕೈ ಅಲ್ಲಿಗೇ ನಿಂತಿತು.

"ಮಾವಶಿ, ನೀವಾ? ಬಾಡಿಗೆಗೆ ಬಂದವರು ಅಂತ ಮನೆಯ ಹೊಟ್ಟೆಯೊಳಗಿನದೆಲ್ಲ ನಿಮಗೆ ಹೇಳಿದೆ" ಎಂದರು ಮರಾಠಿಯಲ್ಲಿ. ದನಿ ಎತ್ತರಿಸಲಿಲ್ಲ. "ನನ್ನ ಬಾಯಿಂದಲೇ ಹೇಳಿಸಿಕೊಂಡು ಈಗ ಬೆಲೆ ಇಳಿಸಲು ಬಂದಿರಿ. ಹೆಚ್ಚು ಕೊಡಿ, ಕಡಿಮೆ ಕೊಡಿ, ಸುಳ್ಳು ಹೇಳಿ ಬಂದವರಿಗೆ ಈ ಮನೆ ಕೊಡುವುದಿಲ್ಲ."

ನಮ್ಮ ಮನೆಯವರು ಕೈಮುಗಿದರು. ಕೇಳಿದ ಬೆಲೆಯನ್ನೇ ಕೊಡುತ್ತೇವೆ ಎಂದರು. ಬಾಬಾ ತಲೆಯಲ್ಲಾಡಿಸಿದರು. ಕಾಕು ಕಟ್ಟೆಯ ಮೇಲೆ ಕೂತು ಸೆರಗು ಸುತ್ತತೊಡಗಿದರು. ಸಿಂಬಿ ಪೂರ್ತಿಯಾಗಲು ಅವತ್ತು ಹಿಡಿದಷ್ಟು ಹೊತ್ತು ಯಾವತ್ತೂ ಹಿಡಿದಿರಲಿಲ್ಲ.

"ಖೋಟಂ ನಾಹೀ ಬಾಬಾ. ಮೀ ಯೇತೆ ರಾಹಾಯಲಾ" ಎಂದರು ಕೊನೆಗೆ. ಸುಳ್ಳಲ್ಲ, ನಾನು ಇರಲು ಬರುತ್ತೇನೆ.

ಬಾಬಾ ನಂಬಲಿಲ್ಲ. "ಯಾವಾಗ?"

"ಆಜ್." ಇವತ್ತೇ ಎಂದು ಹೇಳಿ ಕಾಕು ಸೊಂಟದ ಚೀಲದಿಂದ ಒಂದು ತಿಂಗಳ ಬಾಡಿಗೆ ತೆಗೆದು ಕಟ್ಟೆಯ ಮೇಲಿಟ್ಟರು. ಅದು ಆ ವಾರ ನಾನು ಕೊಟ್ಟ ಪಗಾರ. ಆಮೇಲೆ ನನ್ನತ್ತ ತಿರುಗಿ, "ಮನಿ ಕೊಡೂದು ಬಿಡೂದು ನಿಮಗ ಅವ್ರಿಗಿ ಬಿಟ್ಟಿದ್ದು. ಖೋಲಿ ಮಾತ್ರ ನಾ ಹಿಡದೇನಿ" ಎಂದರು.

ಅವತ್ತು ಸಂಜೆಯೇ ಒಂದು ಟ್ರಂಕು, ಒಂದು ಸ್ಟೋ, ಎರಡು ಕೊಡ, ಎಲ್ಲ ಖಾನಾವಳಿಯ ಡಬ್ಬಿ ಒಯ್ಯುವ ಗಾಡಿಯಲ್ಲಿ ಅಲ್ಲಿಗೆ ಹೋದವು. ಟ್ರಂಕಿನ ಒಂದು ಬದಿಯನ್ನು ಬಾಬಾನೇ ಹಿಡಿದು ಒಳಗಿಟ್ಟರು. ಅಷ್ಟು ದಿನ ಕಾಕು ಇದ್ದದ್ದು ತಮ್ಮನ ಮಗ ವಾಚ್‌ಮನ್ ಆಗಿರುವ ಒಂದು ಸೈಟಿನ ತಗಡಿನ ಶೆಡ್ಡಿನಲ್ಲಿ. ಮರುದಿನ ರೊಟ್ಟಿ ಬಡಿಯುತ್ತ, ರಾತ್ರಿ ಮಳೆ ಬಂದದ್ದೇ ತಿಳಿಯಲಿಲ್ಲ ಎಂದರು. ತಗಡಿನ ಮೇಲೆ ಸದ್ದಾಗುತ್ತದೆ, ಸ್ಲ್ಯಾಬಿನ ಮೇಲೆ ಆಗುವುದಿಲ್ಲ. ಅರವತ್ತು ದಾಟಿದ ಅವರಿಗೆ ಆ ವ್ಯತ್ಯಾಸ ಅವತ್ತು ಗೊತ್ತಾಗಿತ್ತು. ಎಷ್ಟೋ ಜನರ ಸ್ಲ್ಯಾಬಿಗೆ ಉಸುಕು ಹೊತ್ತವರು.

ಎಂಟು ದಿನ ಬಾಬಾ ಬೆಳಿಗ್ಗೆ ಏನಾದರೊಂದು ನೆಪದಲ್ಲಿ ಬಂದು, ಕಾಕು ಇದ್ದಾರೋ ಇಲ್ಲವೋ ನೋಡಿ ಹೋದರು. ಇದ್ದರು, ಬಚ್ಚಲ ನೀರು ನಿಲ್ಲುತ್ತದೆ ಎಂದು ಅವರ ಹತ್ತಿರ ತಕರಾರನ್ನೂ ಮಾಡಿದರು. ಒಂಬತ್ತನೆಯ ದಿನ ಬಾಬಾ ನಮ್ಮನ್ನು ಕರೆದು ಮೊದಲು ಹೇಳಿದ್ದ ಬೆಲೆಗೇ ಕೊಟ್ಟರು. ಕಾಗದದಲ್ಲಿ ಬರೆಯದ ಒಂದು ಮಾತು ಮಾತ್ರ ಇತ್ತು: ಮಾವಶಿಯಿಂದ ಖೋಲಿ ಬಿಡಿಸಕೂಡದು. ಹೀಗೆ ನನ್ನ ಮೊದಲ ಆಸ್ತಿ, ಮೊದಲ ಬಾಡಿಗೆದಾರಳ ಸಮೇತ ನನಗೆ ಬಂತು.

ಬಾಡಿಗೆ ಬೇಡ ಎಂದು ನಾನು ಹೇಳಿದ್ದಕ್ಕೆ ಕಾಕು ಸಿಟ್ಟಾದರು. "ನಾ ಪುಕ್ಕಟೆ ಇದ್ರ ತಕರಾರು ಹೆಂಗ ಮಾಡ್ಲಿ?" ತಕರಾರು ಮಾಡುವುದು ಅವರಿಗೆ ಅಷ್ಟು ಇಷ್ಟವಾಗಿತ್ತು. ಪ್ರತಿ ತಿಂಗಳು ಒಂದನೇ ತಾರೀಖು ಬಾಡಿಗೆ ಕೊಟ್ಟು ಪಾವತಿ ಚೀಟಿ ಕೇಳುವರು. ನಾನು ಆ ಕಡೆ ಹೋದರೆ, "ಏ, ಸುಮ್ಮಿರ್ರಿ, ಮಾಲಕಿಣಿ ಬಂದ್ಲು!" ಎಂದು ಹುಡುಗರನ್ನು ಎಚ್ಚರಿಸುವರು. ಇನ್ನೊಂದು ನಲ್ಲಿ ಬೇಕೆಂದು ಉಳಿದೆರಡು ಖೋಲಿಯವರ ಸಹಿ ಮಾಡಿಸಿ, ಮೇಲೆ ತಮ್ಮ ಹೆಬ್ಬೆಟ್ಟು ಒತ್ತಿ ಅರ್ಜಿ ಕಳಿಸಿದರು. ಬೆಳಿಗ್ಗೆ ನನ್ನ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುತ್ತ ದೊಡ್ಡ ನಿಟ್ಟುಸಿರು ಬಿಡುವರು.

"ನಮ್ಮ ಖೋಲಿ ಮಾಲಕಿಣಿ ಭಾಳ ಜುಗ್ಗಿ ಅದಾಳ ನೋಡು. ನಿನಗೇನರ ಪರಿಚಯ ಐತೇನು? ನಲ್ಲಿ ಸುದ್ದಿ ಒಂದ ಮಾತು ಹೇಳ್ತಿ?"

"ಹೇಳಿ ನೋಡ್ತೀನ್ರಿ ಕಾಕು. ಸುಮ್ನ ಕೇಳೂ ಪೈಕಿ ಅಲ್ಲ ಆಕಿ."

"ಗೊತ್ತೈತಿ. ಕೈಯಾಗ ನಾಲ್ಕ ರೊಟ್ಟಿ ಹಿಡಕೊಂಡು ಹೋಗು."

ಎರಡನೆಯ ನಲ್ಲಿ ಬಂತು. ಆಮೇಲೆ ಬಚ್ಚಲಿಗೆ ಬಲ್ಬು. ಆಮೇಲೆ ಸ್ಲ್ಯಾಬಿನ ಮೂಲೆಗೆ ದುರಸ್ತಿ. ಅದಕ್ಕೆ ಬಂದ ಗೌಂಡಿಯ ತಲೆಯ ಮೇಲೆ ನಿಂತು ಕಾಕುವೇ ಮಾಡಿಸಿದರು. ನಾಲ್ಕು ವರ್ಷ ಹೀಗೆ ನಡೆಯಿತು. ನಡುವೆ ಒಮ್ಮೆ ನಮ್ಮ ಮನೆಯವರ ಕಂಪನಿ ಐದು ತಿಂಗಳು ಅವರನ್ನು ಮನೆಯಲ್ಲಿ ಕೂರಿಸಿತು. ಆಗ ಆ ಮೂರು ಖೋಲಿಗಳೇ ನಮ್ಮನ್ನು ಸಾಕಿದವು.

ಅವರ ಕೆಮ್ಮು ಹಳೆಯದು. ಸಿಮೆಂಟಿನ ಧೂಳು ಎಂದರು ಡಾಕ್ಟರು. ಸಂಭಾಜಿನಗರದ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದರು. ಸಂಜೆ ನಾನು ಹೋಗುವಾಗ ಹಾಸಿಗೆಯ ಪಕ್ಕದಲ್ಲಿ ಅಲ್ಲಿಯ ಆಯಾ ಒಬ್ಬಳು ಕೂತಿರುತ್ತಿದ್ದಳು. ಜಾಲನಾದ ಕಡೆಯವಳು, ಗಂಡ ವಾಳೂಜಿನಲ್ಲಿ ಕಾಂಟ್ರಾಕ್ಟ್ ಕೆಲಸದವನು. ಕಾಕು ಅವಳ ಕಿವಿಯ ಹತ್ತಿರ ಏನೇನೋ ಹೇಳುವರು, ನಾನು ಬಂದರೆ ಮಾತು ನಿಲ್ಲಿಸಿ ಕಣ್ಣು ಮುಚ್ಚುವರು. ಹೊತ್ತು ಕಳೆಯಲು ಯಾರೋ ಸಿಕ್ಕರಲ್ಲ ಎಂದು ನಾನು ಸುಮ್ಮನಿದ್ದೆ.

ಕಾಕು ತೀರಿದ ಮೇಲೆ ಅವರ ತಮ್ಮನ ಮಗ ಕ್ರಿಯೆ ಮಾಡಿ ಟ್ರಂಕು ಒಯ್ದ. ನಾನು ನಡುವಿನ ಖೋಲಿಗೆ ಕೀಲಿ ಹಾಕಿದೆ. ಅಷ್ಟೇ, ಮತ್ತೆ ತೆಗೆಯಲು ಆಗಲಿಲ್ಲ. ಕೇಳಿಕೊಂಡು ಬಂದ ಹುಡುಗರಿಗೆ ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದೆ. ಒಂದು ತಿಂಗಳು ಹೋಯಿತು, ಎರಡನೆಯದೂ ಹೋಯಿತು. ಆ ಬಾಡಿಗೆ ಇಲ್ಲದೆ ಮನೆಯಲ್ಲಿ ಬಿಗಿಯಾಗುತ್ತಿತ್ತು. ನಮ್ಮ ಮನೆಯವರು ಒಂದು ದಿನ ಕೀಲಿಯನ್ನು ಗೂಟದಿಂದ ತೆಗೆದು ನನ್ನ ಕೈಗೆ ಕೊಟ್ಟು ಕೆಲಸಕ್ಕೆ ಹೋದರು. ನಾನು ಅದನ್ನು ಮತ್ತೆ ಗೂಟಕ್ಕೇ ಹಾಕಿದೆ.

ಹೋದ ಭಾನುವಾರ ಆ ಆಯಾ ಖಾನಾವಳಿಗೆ ಬಂದಳು. ಕೈಯಲ್ಲಿ ಚೀಲ, ಹಿಂದೆ ಗಂಡ.

"ವಹಿನಿ, ನಡುವಿನ ಖೋಲಿಗೆ ಬಂದೆವು" ಎಂದಳು ಮರಾಠಿಯಲ್ಲಿ, ಮೊದಲೇ ಎಲ್ಲ ಮಾತಾಗಿದೆ ಎನ್ನುವಂತೆ. "ಮಾವಶಿ ಹೇಳಿದ್ದರು. ಎರಡು ತಿಂಗಳು ಕೇಳಬೇಡ, ಆಕೆ ಕೊಡುವುದಿಲ್ಲ. ಆಮೇಲೆ ಹೋಗು ಅಂದಿದ್ದರು."

ನಾನು ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ಅವಳನ್ನು ನೋಡಿದೆ. ಅವಳೇ ಮುಂದುವರಿಸಿದಳು. "ಬಾಡಿಗೆ ಇನ್ನೂರು ಕಡಿಮೆ ಮಾಡಬೇಕು."

"ಆಗೋದಿಲ್ಲ" ಎಂದೆ. ವ್ಯಾಪಾರದ ಮಾತು ತಾನಾಗಿ ಬಂದುಬಿಟ್ಟಿತು.

ಅವಳು ಏನೂ ಹೇಳದೆ ಬಾಗಿಲ ಹತ್ತಿರ ಕೂತಳು. ಗಂಡನೂ ಕೂತ. ಇಬ್ಬರೂ ನಗುತ್ತಿದ್ದರು. ನಾನು ಎರಡು ರೊಟ್ಟಿ ಬಡಿದೆ.

"ಯಾಕೆ ಕೂತಿರಿ?"

"ಮೊದಲು ಆಗೋದಿಲ್ಲ ಅಂತಾಳೆ, ಎರಡು ರೊಟ್ಟಿ ಬಡಿಯುವಷ್ಟು ಹೊತ್ತು ಸುಮ್ಮನೆ ಕೂತುಕೋ ಅಂದಿದ್ದರು ಮಾವಶಿ."

ನಾನು ಹಿಟ್ಟಿನ ಕೈ ಒರೆಸಿಕೊಂಡು ಗೂಟದಿಂದ ಕೀಲಿ ತೆಗೆದೆ. ಇನ್ನೂರು ಕಡಿಮೆಗೇ ಒಪ್ಪಿ ಅವರನ್ನು ಖೋಲಿಗೆ ಕರೆದೊಯ್ದೆ. ಆ ಖೋಲಿಯ ದೀಪದ ಬಟನ್ನು ಬಾಗಿಲ ಹಿಂದೆ, ಮೊಣಕಾಲೆತ್ತರದಲ್ಲಿದೆ. ಯಾವ ಪುಣ್ಯಾತ್ಮ ಅಲ್ಲಿ ಹಾಕಿದನೋ. ಮೊದಲ ಸಲ ಒಳಗೆ ಹೋದವರು ಗೋಡೆಯೆಲ್ಲ ತಡಕಾಡಿ ಕೊನೆಗೆ ಹೊರಗಿದ್ದವರನ್ನು ಕೂಗುತ್ತಾರೆ. ನಾನು ಬಾಗಿಲು ತೆರೆದು ಪಕ್ಕಕ್ಕೆ ನಿಂತೆ. ಅವಳು ಕತ್ತಲಲ್ಲಿ ಒಳಗೆ ಹೋದಳು, ಬಗ್ಗಿದಳು, ಬಾಗಿಲ ಹಿಂದೆ ಕೈ ಹಾಕಿದಳು, ದೀಪ ಹತ್ತಿತು.